ಒಂದು ಚೌಕದ ತಪ್ಪು, ಅದರ ತಿದ್ದುಪಡಿ



ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದುಡಿದು ಸಂಪಾದಿಸುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಏಪ್ರಿಲ್ 15ರೊಳಗಾಗಿ, ಅಲ್ಲಿನ ತೆರಿಗೆ ಇಲಾಖೆಯಾದ ಐ.ಆರ್.ಎಸ್.ಗೆ ಸಲ್ಲಿಸಬೇಕಾದ 1040 ಸಂಖ್ಯೆಯ ವಿವರಪತ್ರದ ಮೊದಲ ಪುಟದಲ್ಲಿ, ಆದಾಯದ ಒಂದು ಅಂಕಿಯನ್ನೂ ಬರೆಯುವುದಕ್ಕೆ ಮುನ್ನವೇ, ಐದು ಪುಟ್ಟ ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕಾಗುತ್ತದೆ. ಒಂಟಿಯಾಗಿರುವವರಿಗೆ ಒಂದು ಚೌಕ. ವಿವಾಹಿತರಾಗಿ ಜಂಟಿಯಾಗಿ ಲೆಕ್ಕ ಒಪ್ಪಿಸುವವರಿಗೆ ಒಂದು. ವಿವಾಹಿತರಾಗಿದ್ದೂ ಪ್ರತ್ಯೇಕವಾಗಿ ಒಪ್ಪಿಸುವವರಿಗೆ ಮತ್ತೊಂದು. ಸಂಗಾತಿಯಿಲ್ಲದೆ ಮಕ್ಕಳನ್ನೋ ಇತರ ಅವಲಂಬಿತರನ್ನೋ ಸಾಕುತ್ತ ಮನೆ ನಡೆಸುವ ‘ಹೆಡ್ ಆಫ್ ಹೌಸ್‌ಹೋಲ್ಡ್’ ಎಂಬವರಿಗೆ ಇನ್ನೊಂದು. ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡು ಮಗುವಿನೊಡನೆ ಉಳಿದವರಿಗೆ ಮಗುದೊಂದು. ‘ಫೈಲಿಂಗ್ ಸ್ಟೇಟಸ್’ ಎಂದು ಅಲ್ಲಿ ನೆಲೆಸಿರುವ ನಮ್ಮವರೆಲ್ಲರೂ ಕರೆಯುವ ಈ ಗುರುತು ತಪ್ಪಾದರೆ ಅದರ ಕೆಳಗಿನ ಲೆಕ್ಕವೆಲ್ಲವೂ, ಪ್ರತಿಯೊಂದು ಅಂಕಿಯೂ ಸತ್ಯವಾಗಿದ್ದಾಗ್ಯೂ, ತಪ್ಪಾಗಿಬಿಡುತ್ತದೆ. ಆ ತಪ್ಪನ್ನು ದಂಪತಿಗಳು ತಿದ್ದಿಕೊಳ್ಳುವ ಬಗೆ ಹೇಗೆಂಬುದು ಈ ಹೊತ್ತಿನ ವಿಷಯ.

ಅಲ್ಲಿಯ ತೆರಿಗೆಯ ಮಾತು ಇಲ್ಲಿಯ ಶ್ರೋತೃಗಳಿಗೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ತಪ್ಪಿನ ಹುಟ್ಟು ಅನೇಕ ವೇಳೆ ಇಲ್ಲಿಯ ಮದುವೆಯ ಚಪ್ಪರದಲ್ಲಿಯೇ ಇರುತ್ತದೆ, ಮತ್ತು ಅದನ್ನು ತಿದ್ದುವ ಕಾಗದಕ್ಕೆ ಬೀಳಬೇಕಾದ ಎರಡನೆಯ ಸಹಿ ಮೈಸೂರಿನಲ್ಲಿಯೋ ಹಾಸನದಲ್ಲಿಯೋ ವೀಸಾಕ್ಕಾಗಿ ಕಾಯುತ್ತಿರುವ ಮದುವಣಗಿತ್ತಿಯದಾಗಿರುತ್ತದೆ.

ನಮ್ಮ ದೇಶದ ವರಮಾನ ತೆರಿಗೆಯ ಪದ್ಧತಿಯಲ್ಲಿ ಗಂಡನ ಲೆಕ್ಕ ಗಂಡನದು, ಹೆಂಡತಿಯ ಲೆಕ್ಕ ಹೆಂಡತಿಯದು; ಅವಿಭಕ್ತ ಹಿಂದೂ ಕುಟುಂಬವೆಂಬ ಪ್ರತ್ಯೇಕ ಏರ್ಪಾಡೊಂದನ್ನು ಬಿಟ್ಟರೆ, ಮಾಂಗಲ್ಯಧಾರಣೆಯಾದ ಮಾತ್ರಕ್ಕೆ ಸಂಬಳದ ಮೇಲಿನ ತೆರಿಗೆಯ ದರವಾಗಲಿ ವಿನಾಯಿತಿಯಾಗಲಿ ಬದಲಾಗುವುದಿಲ್ಲ. ಈ ಅಭ್ಯಾಸದಲ್ಲಿ ಬೆಳೆದ ತರುಣನೊಬ್ಬನು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದು, ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ವಾರಕ್ಕೋ ರಜೆ ಪಡೆದು ಊರಿಗೆ ಬಂದು, ಧನುರ್ಮಾಸ ಹೊಕ್ಕರೆ ಮತ್ತೆ ಸಂಕ್ರಾಂತಿಯ ತನಕ ಮುಹೂರ್ತವಿಲ್ಲವೆಂದು ಹಿರಿಯರು ಅವಸರಪಡಿಸಿದ್ದರಿಂದ ಅಷ್ಟರೊಳಗೆ ಮದುವೆ ಮಾಡಿಕೊಂಡು, ಹೆಂಡತಿಯನ್ನು ತವರಿನಲ್ಲಿಯೇ ಬಿಟ್ಟು ಜನವರಿಯಲ್ಲಿ ಕೆಲಸಕ್ಕೆ ಹಿಂದಿರುಗಿದನೆಂದು ಇಟ್ಟುಕೊಳ್ಳಿ. ಏಪ್ರಿಲ್ ಬಂದಾಗ ಅವನ ಮನಸ್ಸು ಏನೆನ್ನುತ್ತದೆ? ವರ್ಷದ ಹನ್ನೊಂದು ತಿಂಗಳು ತಾನು ಅವಿವಾಹಿತ, ದುಡಿದವನು ತಾನೊಬ್ಬ, ಹೆಂಡತಿ ಆ ದೇಶದ ನೆಲವನ್ನೇ ಇನ್ನೂ ಮೆಟ್ಟಿಲ್ಲ, ಕೆಲಸಕ್ಕೆ ಸೇರಿದಾಗ ಕಂಪನಿಗೆ ಕೊಟ್ಟ ಡಬ್ಲ್ಯೂ-4 ಪತ್ರದಲ್ಲಿಯೂ ‘ಸಿಂಗಲ್’ ಎಂದೇ ಬರೆದದ್ದುಂಟು. ಆದುದರಿಂದ ಅವನು ಮೊದಲನೆಯ ಚೌಕಕ್ಕೆ ಗುರುತು ಹಾಕುತ್ತಾನೆ. ಅವನ ಒಂದೊಂದು ತರ್ಕವೂ ಸಹಜವಾದದ್ದೇ. ಆದರೆ ಆ ನಾಡಿನ ಕಾನೂನು ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ.

ಕಾನೂನು ಕೇಳುವುದು ಒಂದೇ ದಿನದ ಸ್ಥಿತಿಯನ್ನು. ಡಿಸೆಂಬರ್ 31ರಂದು ಯಾವನು ವಿವಾಹಿತನೋ ಅವನು ಆ ಇಡೀ ವರ್ಷವೂ ವಿವಾಹಿತ; ಆ ದಿನದೊಳಗೆ ವಿಚ್ಛೇದನದ ಅಂತಿಮ ಆಜ್ಞೆ ಯಾರಿಗೆ ದೊರೆತಿದೆಯೋ ಅವರು ಇಡೀ ವರ್ಷವೂ ಅವಿವಾಹಿತರು. ಮದುವೆ ನಡೆದ ಸ್ಥಳದಲ್ಲಿ ಅದು ಸಿಂಧುವಾಗಿದ್ದರೆ ಅಲ್ಲಿಯೂ ಸಾಧಾರಣವಾಗಿ ಸಿಂಧುವೇ. ವರ್ಷದ ನಡುವೆ ಸಂಗಾತಿ ತೀರಿಕೊಂಡರೆ ಮಾತ್ರ, ಉಳಿದವರು ಅದೇ ವರ್ಷದಲ್ಲಿ ಮರುವಿವಾಹವಾಗದಿದ್ದಲ್ಲಿ, ಆ ವರ್ಷದ ಮಟ್ಟಿಗೆ ದಾಂಪತ್ಯ ಮುಂದುವರಿದಂತೆಯೇ ಎಣಿಸುತ್ತಾರೆ. ಈ ಒಂದು ದಿನದ ಮಹಿಮೆಯನ್ನು ಅರಿತ ಮೇರಿಲ್ಯಾಂಡ್ ಸಂಸ್ಥಾನದ ದಂಪತಿಗಳು 1975ರ ಕೊನೆಯಲ್ಲಿ ಹೈಟಿಗೂ, ಮರುವರ್ಷ ಡೊಮಿನಿಕನ್ ಗಣರಾಜ್ಯಕ್ಕೂ ಹೋಗಿ ವಿಚ್ಛೇದನ ಪಡೆದು, ಎರಡು ಸಲವೂ ಹೊಸ ವರ್ಷ ಹುಟ್ಟಿದ ಮೇಲೆ ಊರಿನಲ್ಲಿ ಪರಸ್ಪರ ಮರುಮದುವೆಯಾದರು. ಇಬ್ಬರೂ ಸಂಪಾದಿಸುತ್ತಿದ್ದುದರಿಂದ ಅವಿವಾಹಿತರ ದರದಲ್ಲಿ ಅವರಿಗೆ ಉಳಿತಾಯವಿತ್ತು. ತೆರಿಗೆ ನ್ಯಾಯಾಲಯವು 1980ರಲ್ಲಿ ಆ ವಿಚ್ಛೇದನಗಳನ್ನು ಮಾನ್ಯ ಮಾಡಲಿಲ್ಲ. ಲೋಕವಿಲಕ್ಷಣವಾದ ಈ ಪ್ರಯಾಣಗಳ ಖರ್ಚೂ ಆ ಉಳಿತಾಯದಿಂದಲೇ ಹುಟ್ಟಬೇಕಾಗಿತ್ತೆಂಬುದನ್ನು ನೆನೆದರೆ ನಗು ಬರುತ್ತದೆ.

ಹಾಗಾದರೆ ನಮ್ಮ ತರುಣನ ಸ್ಥಾನ ಯಾವುದು? ಮದುವೆಯಾದವನಿಗೆ, ಅಪವಾದಗಳನ್ನು ಬಿಟ್ಟರೆ, ಎರಡೇ ಚೌಕಗಳು: ಜಂಟಿ, ಇಲ್ಲವೆ ಪ್ರತ್ಯೇಕ. ಇವೆರಡರ ಅಂತರವನ್ನು ಅಂಕಿಗಳಲ್ಲಿಯೇ ನೋಡೋಣ. 2024ನೆಯ ಸಾಲಿನಲ್ಲಿ ಆತನ ಸಂಬಳ 1,00,000 ಡಾಲರು, ಪತ್ನಿಗೆ ಆದಾಯವಿಲ್ಲ ಎಂದಾದರೆ, ಪ್ರತ್ಯೇಕ ಪತ್ರದಲ್ಲಿ 14,600 ಡಾಲರಿನ ನಿಯತ ಕಡಿತ ಹೋಗಿ ಉಳಿದ 85,400ರ ಮೇಲೆ ಸುಮಾರು 13,840 ಡಾಲರು ತೆರಿಗೆ. ಜಂಟಿ ಪತ್ರದಲ್ಲಿ ಕಡಿತವು 29,200 ಆಗಿ, ಉಳಿದ 70,800ರ ಮೇಲೆ ಸುಮಾರು 8,030. ಈ ಆದಾಯದ ಮಟ್ಟದಲ್ಲಿ ‘ಸಿಂಗಲ್’ ಚೌಕದ ತೆರಿಗೆಯೂ ಪ್ರತ್ಯೇಕ ಚೌಕದ ತೆರಿಗೆಯೂ ಒಂದೇ ಆದುದರಿಂದ, ಅವನ ತಪ್ಪಿನಿಂದ ಸರಕಾರಕ್ಕೆ ಕಾಸಿನ ನಷ್ಟವೂ ಆಗಿಲ್ಲ. 5,800 ಡಾಲರಿನಷ್ಟು ಹಾನಿ ಅವನಿಗೇ. ಆದರೂ, ಹಾನಿ ತನ್ನದೇ ಎಂದು ಸುಮ್ಮನಿರುವಂತಿಲ್ಲ. ಏಕೆಂದರೆ ಸುಳ್ಳಾದರೆ ಶಿಕ್ಷಾರ್ಹನೆಂದು ಒಪ್ಪಿ ಸಹಿ ಮಾಡಿದ ಪತ್ರದಲ್ಲಿ ತಾನು ಅವಿವಾಹಿತನೆಂಬ ಅಸತ್ಯವಾಕ್ಯವೊಂದು ನಿಂತಿದೆ.

ಇಷ್ಟು ದೊಡ್ಡ ಅಂತರವೇಕೆ ಎಂಬುದಕ್ಕೆ ಸ್ವಾರಸ್ಯವಾದ ಚರಿತ್ರೆಯುಂಟು. 1913ರಲ್ಲಿ ಆಧುನಿಕ ವರಮಾನ ತೆರಿಗೆ ಜಾರಿಗೆ ಬಂದಾಗ ಪ್ರತಿಯೊಬ್ಬ ವ್ಯಕ್ತಿಯೂ ತೆರಿಗೆಯ ಘಟಕವಾಗಿದ್ದನು. ಆದರೆ ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ನ್ಯಾಯಪದ್ಧತಿಯ ಪ್ರಭಾವವಿದ್ದ ಪಶ್ಚಿಮ ಹಾಗೂ ದಕ್ಷಿಣದ ಕೆಲವು ಸಂಸ್ಥಾನಗಳಲ್ಲಿ ದಾಂಪತ್ಯದಲ್ಲಿ ಗಳಿಸಿದ್ದರಲ್ಲಿ ಗಂಡಹೆಂಡಿರಿಗೆ ಸಮಪಾಲೆಂಬ ಕಾನೂನಿತ್ತು. 1930ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಸೀಬಾರ್ನ್ ದಂಪತಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂತಹ ಸಂಸ್ಥಾನದಲ್ಲಿ ಗಂಡನ ಗಳಿಕೆಯ ಅರ್ಧವನ್ನು ಹೆಂಡತಿಯ ಲೆಕ್ಕಕ್ಕೆ ಬರೆಯಬಹುದೆಂದು ತೀರ್ಪಿತ್ತಿತು. ಅದೇ ವರ್ಷ, ಅರ್ಲ್ ಎಂಬಾತ ತನ್ನ ಪತ್ನಿಯೊಡನೆ ಮಾಡಿಕೊಂಡಿದ್ದ ಖಾಸಗಿ ಕರಾರಿನಿಂದ ಅದೇ ಫಲ ದೊರೆಯಲಾರದೆಂದು ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಹೊರಬಿದ್ದಿತು. ಪರಿಣಾಮವಾಗಿ, ಮೇಲುದರದ ತೆರಿಗೆ ತೆರುವ ಕುಟುಂಬವೊಂದಕ್ಕೆ ಯಾವ ಸಂಸ್ಥಾನದಲ್ಲಿ ಮನೆ ಮಾಡಿದ್ದೇವೆಂಬುದೇ ಹಣದ ಪ್ರಶ್ನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದರಗಳು ಏರಿದಂತೆ, ಸಮಪಾಲಿನ ಸಂಪ್ರದಾಯವನ್ನು ಎಂದೂ ಕಂಡರಿಯದ ಓಕ್ಲಹೋಮ, ಮಿಷಿಗನ್, ಪೆನ್ಸಿಲ್ವೇನಿಯಗಳಂತಹ ಸಂಸ್ಥಾನಗಳೂ ತರಾತುರಿಯಿಂದ ಅಂತಹ ಕಾನೂನುಗಳನ್ನು ಹೊರಡಿಸತೊಡಗಿದವು. ಈ ನೂಕುನುಗ್ಗಲನ್ನು ನಿಲ್ಲಿಸಲೆಂದೇ 1948ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ದೇಶದ ಎಲ್ಲ ದಂಪತಿಗಳಿಗೂ ಜಂಟಿ ಪತ್ರದಲ್ಲಿ ಆದಾಯವನ್ನು ಇಬ್ಭಾಗವಾಗಿಸಿ ತೆರಿಗೆ ತೆರುವ ಸೌಲಭ್ಯವನ್ನು ಕೊಟ್ಟಿತು. ಅವಿವಾಹಿತರು ಇದು ಅನ್ಯಾಯವೆಂದು ಗುಡುಗಿದ ಮೇಲೆ 1969ರ ಶಾಸನ ಅವರ ಹೊರೆಯನ್ನು ಇಳಿಸಿತು. ಅದರಿಂದ ಸರಿಸಮವಾಗಿ ದುಡಿಯುವ ದಂಪತಿಗಳಿಗೆ ಮದುವೆಯೇ ದಂಡವಾಯಿತು. ಹೈಟಿಯ ಪ್ರಯಾಣಿಕರು ಹೊರಟದ್ದು ಆಗಲೇ.

ಇನ್ನು ತಿದ್ದುವ ಕ್ರಮಕ್ಕೆ ಬರೋಣ. ಗಡುವು ಇನ್ನೂ ಕಳೆದಿಲ್ಲವಾದರೆ ಹೊಸದಾಗಿ ಸಲ್ಲಿಸಿದ ಪತ್ರವು ಹಿಂದಿನದರ ಸ್ಥಾನದಲ್ಲಿ ನಿಲ್ಲುತ್ತದೆ. ಆಗ ಯಾವ ಕಡೆಯಿಂದ ಯಾವ ಕಡೆಗೆ ಬದಲಾಯಿಸಿದರೂ ಅಡ್ಡಿಯಿಲ್ಲ. ಗಡುವು ಕಳೆದ ಮೇಲೆ ಬೇಕಾಗುವುದು 1040-ಎಕ್ಸ್ ಎಂಬ ತಿದ್ದುಪಡಿಪತ್ರ. ಅದರಲ್ಲಿ ಮೂರು ಅಂಕಣಗಳು: ಮೊದಲು ತೋರಿಸಿದ್ದು, ಅದರಲ್ಲಾದ ಹೆಚ್ಚು ಕಡಮೆ, ಈಗ ಸರಿಯಾಗಿರುವುದು. ಗಂಡಹೆಂಡಿರಿಬ್ಬರೂ ಪ್ರತ್ಯೇಕವಾಗಿ ಸಲ್ಲಿಸಿದ್ದರೆ, ಒಬ್ಬರ ಮೂಲ ಪತ್ರದ ಅಂಕಿಗಳು ಮೊದಲ ಅಂಕಣಕ್ಕೆ ಬಂದು ಇನ್ನೊಬ್ಬರವು ನಡುವಣದರಲ್ಲಿ ಕೂಡುತ್ತವೆ. ಬದಲಾವಣೆಗೆ ಕಾರಣವೇನೆಂದು ಬರೆಯಲು ಬಿಟ್ಟಿರುವ ಜಾಗದಲ್ಲಿ ಪ್ರಬಂಧ ಬೇಕಿಲ್ಲ. ಇಂತಹ ದಿನ ವಿವಾಹವಾಯಿತು, ಪ್ರಮಾದದಿಂದ ಅವಿವಾಹಿತನೆಂದು ಗುರುತಿಸಿದೆ, ಈಗ ಇಬ್ಬರೂ ಜಂಟಿಯಾಗಿ ಸಲ್ಲಿಸುತ್ತಿದ್ದೇವೆ ಎಂಬಷ್ಟೇ ಸಾಕು. ಇಬ್ಬರ ಸಹಿಯೂ ಇರಲೇಬೇಕು. ಮೊದಲ ಪತ್ರದ ಮೇಲೆ ಬರಬೇಕಾದ ಹಣ ಬಾರದಿದ್ದರೆ ಅದು ಬರುವ ತನಕ ತಿದ್ದುಪಡಿಯನ್ನು ಕಳುಹಿಸದಿರುವುದು ಲೇಸು. ಎರಡು ಕಾಗದಗಳು ಇಲಾಖೆಯ ದಾರಿಯಲ್ಲಿ ಎದುರುಬದುರಾದರೆ ಎರಡಕ್ಕೂ ವಿಳಂಬ. ತಿದ್ದಿದ ಪತ್ರ ಇತ್ಯರ್ಥವಾಗಲು ಎಂಟರಿಂದ ಹನ್ನೆರಡು ವಾರ, ಕೆಲವೊಮ್ಮೆ ಹದಿನಾರು ವಾರ ಹಿಡಿಯುವುದುಂಟು.

ಪ್ರತ್ಯೇಕದಿಂದ ಜಂಟಿಗೆ ಬರಲು, ಮೂಲ ಗಡುವಿನಿಂದ ಮೂರು ವರ್ಷಗಳ ಅವಕಾಶವಿದೆ. 2024ರ ಸಾಲಿಗೆ 2025ರ ಏಪ್ರಿಲ್ 15 ಗಡುವಾಗಿದ್ದುದರಿಂದ 2028ರ ಏಪ್ರಿಲ್ ಮಧ್ಯದವರೆಗೆ. ಜಂಟಿಯಿಂದ ಪ್ರತ್ಯೇಕಕ್ಕೆ ಹೋಗಲು ಮಾತ್ರ, ಗಡುವು ಕಳೆದ ಮರುದಿನದಿಂದಲೇ ಅವಕಾಶವಿಲ್ಲ. ಈ ಅಸಮತೆಯನ್ನು ಸರಿಯಾಗಿ ಗ್ರಹಿಸಿದವರಿಗೆ ಉಳಿದುದೆಲ್ಲ ಸುಲಭ. ವಿವಾಹಿತನು ಪ್ರತ್ಯೇಕ ಚೌಕವನ್ನು ಆರಿಸಿದರೆ ಅದು ತಪ್ಪಲ್ಲ, ಆಯ್ಕೆ, ಜಂಟಿಯೂ ಆಯ್ಕೆ, ಆದರೆ ವಿವಾಹಿತನು ‘ಸಿಂಗಲ್’ ಎಂದರೆ ಅದು ಆಯ್ಕೆಯಲ್ಲ, ತಪ್ಪು. ತಪ್ಪನ್ನು ತಿದ್ದಬೇಕಾದುದು ಕರ್ತವ್ಯ. ಆಯ್ಕೆಯನ್ನು ಬದಲಾಯಿಸಬಹುದಾದುದು ಕಾನೂನು ಕೊಟ್ಟಷ್ಟು ಮಾತ್ರ. ಜಂಟಿಯೆಂಬ ಆಯ್ಕೆಯನ್ನು ಹಿಂದೆಗೆದುಕೊಳ್ಳಲು ಕಾನೂನು ಏಕೆ ಬಿಡದೆಂದರೆ, ಆ ಪತ್ರದ ಮೇಲಿನ ತೆರಿಗೆಗೂ ಬಡ್ಡಿಗೂ ದಂಡಕ್ಕೂ ಗಂಡ ಹೆಂಡಿರಿಬ್ಬರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆಗಾರರು. ಹಿಂದಿನ ಕೂಡುಕುಟುಂಬದಲ್ಲಿ ಯಜಮಾನ ಮಾಡಿದ ಸಾಲ ಮನೆಯವರೆಲ್ಲರ ಮೇಲೂ ಬೀಳುತ್ತಿದ್ದಂತೆ, ಒಬ್ಬರು ಮುಚ್ಚಿಟ್ಟ ಆದಾಯದ ತೆರಿಗೆಯನ್ನು ಇಲಾಖೆ ಇನ್ನೊಬ್ಬರಿಂದ ಪೂರ್ತಿಯಾಗಿ ವಸೂಲು ಮಾಡಬಹುದು. ವಿಚ್ಛೇದನವಾದ ಮೇಲೂ ಹೊಣೆ ಕಳಚುವುದಿಲ್ಲ. ಏನೂ ಅರಿಯದೆ ಸಹಿ ಹಾಕಿದ ನಿರಪರಾಧಿ ಸಂಗಾತಿಗೆ 1998ರ ಶಾಸನವು ಪರಿಹಾರವನ್ನು ವಿಸ್ತರಿಸಿದೆ, 8857ನೆಯ ಅರ್ಜಿಯಲ್ಲಿ ಅದನ್ನು ಬೇಡಬಹುದು. ಆದರೆ ಬೇಡಿ ಪಡೆಯುವುದು ಪ್ರಯಾಸದ ಕೆಲಸ.

ಈ ಕಾರಣದಿಂದಲೇ ನಾನು ಊರಿನಲ್ಲಿ ಕಾಯುತ್ತಿರುವ ಆ ಹೆಣ್ಣುಮಗಳ ಕಡೆಗೆ ಮತ್ತೆ ಮತ್ತೆ ತಿರುಗುತ್ತೇನೆ. ಅವಳು ತೆರಿಗೆಯ ದೃಷ್ಟಿಯಿಂದ ಅಮೆರಿಕದ ಅನಿವಾಸಿ. ಅನಿವಾಸಿಯೊಡನೆ ಜಂಟಿ ಪತ್ರ ಸಲ್ಲಬೇಕಾದರೆ, ತಾವಿಬ್ಬರೂ ತೆರಿಗೆಯ ಮಟ್ಟಿಗೆ ಆ ದೇಶದ ನಿವಾಸಿಗಳೆಂದು ಪರಿಗಣಿತರಾಗಲು ಒಪ್ಪಿದ್ದೇವೆಂಬ ಹೇಳಿಕೆಗೆ ಇಬ್ಬರೂ ಸಹಿ ಹಾಕಿ ಲಗತ್ತಿಸಬೇಕು. ತಿದ್ದುಪಡಿಪತ್ರದ ಮೂಲಕವೂ ಈ ಆಯ್ಕೆಯನ್ನು ಮಾಡಬಹುದು. ಆದರೆ ಆ ಸಾಲಿನ ಈಚೆಗೆ ಸಲ್ಲಿಸಿದ ಪತ್ರಗಳಿದ್ದರೆ ಅವನ್ನೂ ತಿದ್ದಬೇಕಾಗುತ್ತದೆ. ಅವಳಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲವಾದುದರಿಂದ ಡಬ್ಲ್ಯೂ-7 ಅರ್ಜಿಯನ್ನೂ ಜೊತೆಗಿಟ್ಟು ಐಟಿನ್ ಎಂಬ ತೆರಿಗೆ ಸಂಖ್ಯೆಯನ್ನು ಕೋರಬೇಕು. ಅದಕ್ಕೆ ಮೂಲ ಪಾಸ್‌ಪೋರ್ಟನ್ನೋ, ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿಯನ್ನೋ ಕಳುಹಿಸಬೇಕು, ಇಲ್ಲವೆ ಇಲಾಖೆಯಿಂದ ಅಧಿಕಾರ ಪಡೆದ ಮಧ್ಯವರ್ತಿಗೆ ತೋರಿಸಬೇಕು. ವೀಸಾ ಸಂದರ್ಶನ ಹತ್ತಿರವಿರುವಾಗ ಮೂಲ ಪಾಸ್‌ಪೋರ್ಟನ್ನು ಅಂಚೆಗೆ ಹಾಕಿ ಕೈಕೈ ಹಿಸುಕಿಕೊಳ್ಳುವುದು ವಿವೇಕವಲ್ಲ.

ಈ ಆಯ್ಕೆಯ ಬೆಲೆಯನ್ನೂ ಅವಳಿಗೆ ತಿಳಿಸಿ ಹೇಳಬೇಕು. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿ ಉದ್ಯೋಗಿಯಾಗಿದ್ದರೆ ಅವಳ ಆ ವರ್ಷದ ಸಂಬಳವೂ, ಇಲ್ಲಿಯ ಬ್ಯಾಂಕಿನ ಠೇವಣಿಯ ಬಡ್ಡಿಯೂ ಅಲ್ಲಿಯ ಲೆಕ್ಕದೊಳಗೆ ಬರುತ್ತವೆ. ಇಲ್ಲಿ ತೆತ್ತ ತೆರಿಗೆಗೆ ಅಲ್ಲಿ ಒಂದು ಮಿತಿಯೊಳಗೆ ವಜಾ ದೊರೆಯುತ್ತದೆ. ಇಂತಹ ದಂಪತಿಗಳಿಗೆ ಜಂಟಿಯೇ ಲಾಭವೆಂದು ಕಣ್ಣುಮುಚ್ಚಿ ಹೇಳಲಾಗದು, ಎರಡು ಬಗೆಯಲ್ಲಿಯೂ ಲೆಕ್ಕ ಮಾಡಿಯೇ ನೋಡಬೇಕು. ಒಮ್ಮೆ ಮಾಡಿದ ಆಯ್ಕೆಯನ್ನು ಮುಂದೆ ಕೊನೆಗಾಣಿಸಿದರೆ, ಆ ಇಬ್ಬರಲ್ಲಿ ಯಾರೂ ಮತ್ತೆ ಎಂದಿಗೂ ಅದನ್ನು ಮಾಡುವಂತಿಲ್ಲ. ಜಂಟಿ ಬೇಡವೆಂದು ನಿಶ್ಚಯಿಸಿದವನು ‘ಸಿಂಗಲ್’ ಗುರುತನ್ನು ಹೊಡೆದು ಪ್ರತ್ಯೇಕ ಚೌಕಕ್ಕೆ ಬಂದು, ಪತ್ನಿಯ ಸಂಖ್ಯೆಯ ಬದಲಿಗೆ, ಅನಿವಾಸಿ ಎಂಬರ್ಥದ ‘ಎನ್.ಆರ್.ಎ.’ ಎಂಬ ಮೂರು ಅಕ್ಷರಗಳನ್ನು ಬರೆದರೆ ಸರಿ.

‘ಸಿಂಗಲ್’ ಎಂದು ಬರೆದದ್ದು ತಪ್ಪೇ ಹೊರತು ಆಯ್ಕೆಯಲ್ಲ ಎಂಬ ಮಾತು ನನ್ನ ಕಲ್ಪನೆಯಲ್ಲ, ನ್ಯಾಯಾಲಯಗಳು ಅದನ್ನೇ ಹೇಳಿವೆ. ಇಲಾಖೆ ಕಳುಹಿಸಿದ ಕೊರತೆಯ ನೋಟೀಸನ್ನು ಪ್ರಶ್ನಿಸಿ ತೆರಿಗೆ ನ್ಯಾಯಾಲಯದ ಮೆಟ್ಟಿಲೇರಿದವನು ಆ ಬಳಿಕ ಪ್ರತ್ಯೇಕ ಪತ್ರವನ್ನು ಜಂಟಿಯಾಗಿಸುವಂತಿಲ್ಲವೆಂದು ಶಾಸನದಲ್ಲಿದೆ. ವಿವಾಹಿತನಾಗಿದ್ದೂ ‘ಹೆಡ್ ಆಫ್ ಹೌಸ್‌ಹೋಲ್ಡ್’ ಎಂದು ಬರೆದಿದ್ದವನೊಬ್ಬನಿಗೆ ಇಲಾಖೆ ಈ ನಿಷೇಧವನ್ನೇ ಒಡ್ಡಿದಾಗ, ಎಂಟನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯವು 2015ರಲ್ಲಿ, ಆ ನಿಷೇಧ ‘ವಿವಾಹಿತ, ಪ್ರತ್ಯೇಕ’ ಎಂಬ ಚೌಕವನ್ನು ನಿಜವಾಗಿ ಆರಿಸಿದವರಿಗೆ ಮಾತ್ರ, ತನಗೆ ಹಕ್ಕೇ ಇಲ್ಲದ ಚೌಕವನ್ನು ತಪ್ಪಿ ಗುರುತಿಸಿದವನಿಗಲ್ಲ ಎಂದಿತು. ಎರಡು ವರ್ಷಗಳ ತರುವಾಯ, ‘ಸಿಂಗಲ್’ ಎಂದು ಗುರುತಿಸಿದ್ದ ಮತ್ತೊಬ್ಬ ವಿವಾಹಿತನ ಪ್ರಕರಣದಲ್ಲಿ ತೆರಿಗೆ ನ್ಯಾಯಾಲಯವೂ ಇದೇ ಅಭಿಪ್ರಾಯಕ್ಕೆ ಬಂದಿತು. ಹೀಗೆ, ಯೋಚಿಸಿ ಆರಿಸಿದವನಿಗಿಂತ ಎಡವಿದವನಿಗೆ ಕಾಲಾವಕಾಶ ಹೆಚ್ಚು ದೊರೆತಂತಾಯಿತು. ವಿಚಿತ್ರವೆನಿಸಿದರೂ ತರ್ಕಶುದ್ಧವಾದ ಫಲ. ಹಾಗೆಂದು ಯಾರೂ ಮೈಮರೆಯಬಾರದು: ಹೆಚ್ಚಾಗಿ ತೆತ್ತ ಹಣವನ್ನು ಮರಳಿ ಕೇಳಲು, ಪತ್ರ ಸಲ್ಲಿಸಿದಂದಿನಿಂದ ಮೂರು ವರ್ಷ ಅಥವಾ ತೆರಿಗೆ ತೆತ್ತಂದಿನಿಂದ ಎರಡು ವರ್ಷ, ಇವೆರಡರಲ್ಲಿ ಯಾವುದು ಈಚಿನದೋ ಅದು, ಬೇರೆಯೇ ಆದ ಗಡಿಯಾಗಿ ನಿಂತಿದೆ.

‘ಹೆಡ್ ಆಫ್ ಹೌಸ್‌ಹೋಲ್ಡ್’ ಎಂಬ ಆ ಚೌಕದ ಮೋಹ ನಮ್ಮವರಲ್ಲಿಯೂ ಉಂಟು. ಮನೆಯ ಯಜಮಾನ ತಾನಲ್ಲದೆ ಮತ್ತಾರು ಎಂದು ಗಂಡನು ಅದಕ್ಕೆ ಗುರುತು ಹಾಕಿ, 2024ರಲ್ಲಿ 21,900 ಡಾಲರಿನಷ್ಟಿದ್ದ ಅದರ ದೊಡ್ಡ ಕಡಿತವನ್ನು ಪಡೆದುಬಿಡುತ್ತಾನೆ. ಒಂದೇ ಸೂರಿನಡಿಯಲ್ಲಿ ಬಾಳುತ್ತಿರುವ ನಿವಾಸಿ ದಂಪತಿಗಳಲ್ಲಿ ಯಾರಿಗೂ ಅದು ಸಲ್ಲದು. ವರ್ಷದ ಕೊನೆಯ ಆರು ತಿಂಗಳು ಸಂಗಾತಿಯಿಂದ ದೂರವಿದ್ದು, ಮನೆಯ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾನೇ ಹೊತ್ತು, ಮಗುವನ್ನು ಜೊತೆಯಲ್ಲಿಟ್ಟುಕೊಂಡವರಿಗೆ ಸಲ್ಲುತ್ತದೆ. ಸಂಗಾತಿ ಅನಿವಾಸಿಯಾಗಿದ್ದರೆ ನಿಯಮ ತುಸು ಸಡಿಲ, ಆದರೆ ಅಲ್ಲಿಯೂ ಮಗುವೋ ಬೇರೆ ಅರ್ಹ ಅವಲಂಬಿತರೋ ಇರಲೇಬೇಕು. ದೂರದಲ್ಲಿರುವ ಹೆಂಡತಿಯನ್ನೇ ಅವಲಂಬಿತಳೆಂದು ತೋರಿಸಲಾಗದು. ಈ ಬಗೆಯ ತಪ್ಪಿನಲ್ಲಿ ತೆರಿಗೆ ಕಡಮೆಯಾಗಿರುವುದರಿಂದ ತಿದ್ದಿದಾಗ ಬಾಕಿಯೂ, ಮೂಲ ಗಡುವಿನಿಂದ ಲೆಕ್ಕ ಹಾಕಿದ ಬಡ್ಡಿಯೂ ಏಳುತ್ತವೆ. ಇಲಾಖೆ ತನಿಖೆಗೆಂದು ಕಾಗದ ಬರೆಯುವ ಮುನ್ನವೇ ತಾನಾಗಿ ತಿದ್ದಿಕೊಂಡವನಿಗೆ, ಶೇಕಡ 20ರ ದಂಡದಿಂದ ಪಾರಾಗುವ ದಾರಿ ಬಹುಮಟ್ಟಿಗೆ ತೆರೆದಿರುತ್ತದೆ.

ಜಂಟಿಯಿಂದ ಹಿಂದಿರುಗಲಾಗದೆಂಬ ನಿಯಮಕ್ಕೆ ಎರಡು ವಿಷಾದಕರ ಅಪವಾದಗಳಿವೆ. ಮೃತನ ಪರವಾಗಿ ಉಳಿದವರು ಜಂಟಿ ಪತ್ರ ಸಲ್ಲಿಸಿದ್ದಲ್ಲಿ, ಅನಂತರ ನೇಮಕವಾದ ಆಸ್ತಿಯ ಪ್ರತಿನಿಧಿ ಗಡುವಿನಿಂದ ಒಂದು ವರ್ಷದೊಳಗೆ ಅದನ್ನು ಮೃತನ ಮಟ್ಟಿಗೆ ಪ್ರತ್ಯೇಕವಾಗಿಸಬಹುದು. ಮದುವೆಯೇ ಅಸಿಂಧುವೆಂದು ನ್ಯಾಯಾಲಯ ಸಾರಿದರೆ, ಆ ದಾಂಪತ್ಯ ಎಂದೂ ಇರಲೇ ಇಲ್ಲವೆಂಬ ಭಾವದಿಂದ, ಕಾಲಮಿತಿ ಮೀರದ ಎಲ್ಲ ವರ್ಷಗಳ ಪತ್ರಗಳನ್ನೂ ಅವಿವಾಹಿತರಾಗಿ ತಿದ್ದಿ ಬರೆಯಲೇಬೇಕು.

ಕೇಂದ್ರದ ಪತ್ರವನ್ನು ತಿದ್ದಿ ನಿಟ್ಟುಸಿರುಬಿಟ್ಟವರು ಸಂಸ್ಥಾನದ ಪತ್ರವನ್ನು ಮರೆಯುವುದು ಬಹಳ ಸಾಮಾನ್ಯ. ಟೆಕ್ಸಾಸ್, ಫ್ಲಾರಿಡಗಳಲ್ಲಿರುವವರಿಗೆ ಸಂಬಳದ ಮೇಲೆ ಸಂಸ್ಥಾನದ ತೆರಿಗೆಯೇ ಇಲ್ಲದುದರಿಂದ ಆ ಚಿಂತೆಯಿಲ್ಲ. ನಮ್ಮವರು ಬಹುಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯದಲ್ಲಾದರೋ ಕೇಂದ್ರದ ಲೆಕ್ಕ ಬದಲಾದುದನ್ನು ಆರು ತಿಂಗಳೊಳಗೆ ತಿಳಿಸಿ, 540ನೆಯ ಪತ್ರವನ್ನು ಅದರ ‘ಶೆಡ್ಯೂಲ್ ಎಕ್ಸ್’ನೊಡನೆ ಮತ್ತೆ ಸಲ್ಲಿಸಬೇಕು, ಮತ್ತು ಅದು ಇಂದಿಗೂ ಸಮಪಾಲಿನ ಕಾನೂನು ಉಳಿದಿರುವ ಒಂಬತ್ತು ಸಂಸ್ಥಾನಗಳಲ್ಲಿ ಒಂದಾದುದರಿಂದ, ಅಲ್ಲಿ ನೆಲೆಸಿದ ದಂಪತಿಗಳು ಪ್ರತ್ಯೇಕವಾಗಿ ಸಲ್ಲಿಸುವುದಾದರೆ ಇಬ್ಬರ ಗಳಿಕೆಯನ್ನೂ ಒಟ್ಟುಗೂಡಿಸಿ ಅರ್ಧರ್ಧ ಹಂಚಿದ ವಿವರವನ್ನು 8958ನೆಯ ಪತ್ರದಲ್ಲಿ ಬರೆದು ಕೇಂದ್ರದ ಪತ್ರಕ್ಕೆ ಲಗತ್ತಿಸಬೇಕಾಗುತ್ತದೆ.